ಎಲ್ಲದಕ್ಕೂ ಶನಿಕಾಟ ಅಂದ್ರೆ ಹೇಗೆ?

ಮಧುರೆ ಅಂದ ಕೂಡಲೇ ಎಲ್ಲರೂ ಕೇಳೋದು, "ಶನಿಮಹಾತ್ಮನ ದೇವಸ್ಥಾನ ಇರೋ ಊರಲ್ವಾ?" ಅಂತ. ಹೌದು, ದೊಡ್ಡಬಳ್ಳಾಪುರ ತಾಲೂಕಿನ ಅದೇ ಮಧುರೆ. ಶನಿವಾರದ ಜನಜಂಗುಳಿ ಬಿಟ್ರೆ ಊರು ಶಾಂತ. ಹ್ಯಾಮ್ ರೇಡಿಯೋ ಹುಚ್ಚಿನವರಿಗೆ ಈ ಶಾಂತಿಯೇ ಆಸ್ತಿ. ಬೆಂಗಳೂರಿನಲ್ಲಿ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲದಲ್ಲಿ ಮುಳುಗಿಹೋಗೋ ಸಣ್ಣ ಸಿಗ್ನಲ್ ಇಲ್ಲಿ ಕಿವಿಗೆ ಬೀಳುತ್ತೆ.

ಆದ್ರೆ ನಾನೇ ಕಟ್ಟಿದ 7 ಮೆಗಾಹರ್ಟ್ಸ್ ಡೈರೆಕ್ಟ್ ಕನ್ವರ್ಷನ್ ರಿಸೀವರಿನಲ್ಲಿ ಬರೀ 'ಗುಂಯ್...'. ಒಂದು ರಾತ್ರಿ ಕರೆಂಟು ಹೋಯ್ತು, ಬ್ಯಾಟರಿಗೆ ಹಾಕಿದೆ, ಸದ್ದು ಮಾಯ! ಸರಿ, ಬೀದಿ ಕಂಬದ್ದೇ ತಪ್ಪು ಅಂತ ತಿಂಗಳುಗಟ್ಟಲೆ ಬೈಕೊಂಡೆ.

ಒಂದಿನ ಪಕ್ಕದ ಕೋಣೆಯ ಶಾರ್ಟ್‌ವೇವ್ ರೇಡಿಯೋವನ್ನ ಅದೇ ಜಾಗಕ್ಕೆ ಟ್ಯೂನ್ ಮಾಡಿಟ್ಟೆ. ನನ್ನ ರಿಸೀವರ್ ಆನ್ ಮಾಡಿದ್ರೆ ಅದರ 'ಶ್ಶ್' ಅಡಗುತ್ತೆ, ಆಫ್ ಮಾಡಿದ್ರೆ ಮತ್ತೆ ಬರುತ್ತೆ. ಕೇಳಬೇಕಾದ ಯಂತ್ರವೇ ಕೂಗ್ತಾ ಇತ್ತು :-)

ಇಂಥ ರಿಸೀವರಿನಲ್ಲಿ ಆಸಿಲೇಟರ್ ನಡೆಯೋದು ನಾವು ಕೇಳೋ ಫ್ರೀಕ್ವೆನ್ಸಿಯಲ್ಲೇ. ಅದು ಮಿಕ್ಸರ್ ದಾಟಿ ಆಂಟೆನಾಕ್ಕೆ ಸೋರುತ್ತೆ. ಪವರ್ ಸಪ್ಲೈ ಡಯೋಡುಗಳು ಅದಕ್ಕೆ 100 ಹರ್ಟ್ಸ್ ಗುಂಯ್ ಸೇರಿಸಿ ವಾಪಸ್ ಕಳಿಸುತ್ತವೆ. ಫ್ರೀಕ್ವೆನ್ಸಿ ಒಂದೇ ಆದ್ದರಿಂದ ಯಾವ ಫಿಲ್ಟರೂ ತಡೆಯೋಲ್ಲ. 1943ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮೆಟಾಕ್ಸ್ ರಿಸೀವರ್ ಆಫ್ ಮಾಡಿದ್ದೂ ಹೀಗೆ ಸೋರಿದ ಸಿಗ್ನಲ್ ಹಿಡಿದು ಶತ್ರು ಬಂದಾನು ಅನ್ನೋ ಭಯಕ್ಕೇ.

ನನ್ನ ತಕರಾರು ಇಷ್ಟೇ. ಹೊಸಬರಿಗೆ ನಾವು "ಆಂಟೆನಾ ಎತ್ತರಿಸು" ಅಂತೀವಿ, "ಆಸಿಲೇಟರನ್ನ ಮುಚ್ಚು" ಅನ್ನೋಲ್ಲ. ಸರ್ಕ್ಯೂಟ್ ಚಿತ್ರದಲ್ಲಿ ಡಬ್ಬಿಯನ್ನ ಯಾರು ಬರೀತಾರೆ? ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಥರದ ಸೂಪರ್‌ಹೆಟ್‌ನಲ್ಲಿ ವಿಎಫ್‌ಒ ಬೇರೆ ಫ್ರೀಕ್ವೆನ್ಸಿಯಲ್ಲಿ ಇರೋದ್ರಿಂದ ಈ ಗುಂಯ್ ಕಾಟ ಕಮ್ಮಿ. ಆದ್ರೆ ಕಲಿಯೋರು ಮೊದಲು ಕಟ್ಟೋದು ನನ್ನಂಥ ಸಣ್ಣ ಸೆಟ್ಟನ್ನೇ. ಗುಂಯ್ ಕೇಳಿ ಬೇಸತ್ತು ಅಟ್ಟಕ್ಕೆ ಎಸೀತಾರೆ.

ಖರ್ಚೂ ಹೆಚ್ಚಿಲ್ಲ. ಆಸಿಲೇಟರನ್ನ ತಗಡಿನ ಡಬ್ಬಿಗೆ ಹಾಕಿ ಸುತ್ತ ಬೆಸುಗೆ ಹಾಕಿದೆ. ಒಳಗೆ ಹೋಗೋ ಸಪ್ಲೈಗೆ ಫೀಡ್‌ಥ್ರೂ ಕೆಪಾಸಿಟರ್, ಮಿಕ್ಸರಿಗೆ ತೆಳು ಕೋಆಕ್ಸ್, ಆಂಟೆನಾ ಕಡೆ ಗ್ರೌಂಡೆಡ್ ಗೇಟ್ ಎಫ್‌ಇಟಿಯ ಒಂದು ಹಂತ. ಇದೂ ಸಾಲದಿದ್ರೆ ಆಸಿಲೇಟರನ್ನ 3.5 ಮೆಗಾಹರ್ಟ್ಸ್‌ನಲ್ಲಿ ಓಡಿಸಿ, ಎದುರುಬದುರು ಜೋಡಿಸಿದ ಎರಡು ಡಯೋಡುಗಳ ಮಿಕ್ಸರ್ ಹಾಕಬಹುದು. ಆಗ 7ರಲ್ಲಿ ಸೋರೋಕೆ ಹೆಚ್ಚೇನೂ ಉಳಿಯೋಲ್ಲ.

ಈಗ ಕರೆಂಟು ಇದ್ದಾಗಲೂ ಮೋರ್ಸ್ ಕೇಳುತ್ತೆ. ಕಂಬ ಅಲ್ಲೇ ಇದೆ, ಪಾಪ! ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಸೆಟ್ ಇದ್ರೆ ಕೆಳಗಿಳಿಸಿ, ಒಂದು ಡಬ್ಬಿ ಮುಚ್ಚಿ ನೋಡಿ. ಏನಾಯ್ತು ಅಂತ ಹೇಳ್ತೀರಲ್ಲಾ?