‘ಮಾಯಾಬಜಾರ್’ ಬರೀ ಕಣ್ಕಟ್ಟಲ್ಲ

1957ರ ತೆಲುಗು ಚಿತ್ರ ‘ಮಾಯಾಬಜಾರ್’ ಉಳಿದಿರುವುದು ಕ್ಯಾಮೆರಾ ಚಮತ್ಕಾರ ಮತ್ತು ಹಳಬರ ಹಂಬಲದಿಂದ ಮಾತ್ರ ಎಂಬ ವಾದ ಅರೆಸತ್ಯ. ಮಾರ್ಕಸ್ ಬಾರ್ಟ್ಲಿಯ ಛಾಯಾಗ್ರಹಣ ಅದ್ಭುತವೇ, ಸಂದೇಹವಿಲ್ಲ. ಆದರೆ ನಾಯಕಿ ಶಶಿರೇಖೆಯ ರೂಪ ತಾಳಿದ ಘಟೋತ್ಕಚನಾಗಿ ಸಾವಿತ್ರಿ ನಡೆಯುವ ಗತ್ತು, ದುರುಗುಟ್ಟುವ ನೋಟ ಯಾವ ಯಂತ್ರದ ಕೊಡುಗೆ? ಅದು ಅಪ್ಪಟ ಅಭಿನಯ. ಪಾಂಡವರನ್ನು ತೆರೆಗೆ ತರದೆಯೇ ಅವರ ಕಥೆ ಹೇಳಿದ್ದು ನಿರ್ದೇಶಕ ಕೆ.ವಿ. ರೆಡ್ಡಿಯವರ ನಿರೂಪಣೆಯ ಜಾಣ್ಮೆ. ಎಸ್. ರಾಜೇಶ್ವರ ರಾವ್ ಆರಂಭಿಸಿ ಘಂಟಸಾಲ ಪೂರ್ಣಗೊಳಿಸಿದ ಸಂಗೀತವೂ ಕಥೆಯನ್ನು ಮುನ್ನಡೆಸುತ್ತದೆ. ಹಳಬರ ಹಂಬಲವೊಂದೇ ಕಾರಣವಾಗಿದ್ದರೆ 2010ರಲ್ಲಿ ಬಣ್ಣ ತುಂಬಿ ಮರುಬಿಡುಗಡೆ ಮಾಡುವ ಸಾಹಸಕ್ಕೆ ಅರ್ಥವಿರುತ್ತಿರಲಿಲ್ಲ. ಚಿತ್ರದ ಕಥಾವಸ್ತುವಾದ, ವ್ಯಾಸಭಾರತದಲ್ಲಿಲ್ಲದ ಶಶಿರೇಖೆಯ ಮದುವೆಯ ಕಥೆ ಕನ್ನಡದ ಯಕ್ಷಗಾನದಲ್ಲಿ ‘ಕನಕಾಂಗಿ ಕಲ್ಯಾಣ’ವಾಗಿ ರಾತ್ರಿಯಿಡೀ ಜನರನ್ನು ಕೂರಿಸಿದೆ, ಕ್ಯಾಮೆರಾದ ಹಂಗಿಲ್ಲದೆ. ಚಿತ್ರವನ್ನು ಉಳಿಸಿರುವುದು ಕಥೆ, ನಟನೆ, ಹಾಡು. ಚಮತ್ಕಾರ ಅವುಗಳ ಸೇವಕ.