ಕಿವಿಗೆ ಅಂಕ, ಅರಿವಿಗೆ ಸೊನ್ನೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ರಾಜ್ಯದಲ್ಲಿ ಎಷ್ಟನೇ ಸ್ಥಾನಕ್ಕೆ ಬಂತು ಎಂಬ ಲೆಕ್ಕ ಮಧ್ಯಾಹ್ನದೊಳಗೆ ನಮ್ಮ ಉಗಾರ ಖುರ್ದದ ಚಹಾದಂಗಡಿ ಮುಟ್ಟಿರುತ್ತದೆ. ನಿಪ್ಪಾಣಿ ಮುಂದೋ, ರಾಯಬಾಗ ಮುಂದೋ, ಅಥಣಿ, ಕಾಗವಾಡ ಯಾಕೆ ಹಿಂದೆ ಬಿದ್ದವು ಎಂಬ ಚರ್ಚೆಯೂ ಜೋರಾಗಿ ನಡೆಯುತ್ತದೆ. ಕಿವಿ ಕೇಳದ ಎಷ್ಟು ಮಕ್ಕಳು ಪರೀಕ್ಷೆಗೆ ಕೂತರು, ಅವರಲ್ಲಿ ಎಷ್ಟು ಮಂದಿಗೆ ಹೆಚ್ಚುವರಿ ಸಮಯ ಸಿಕ್ಕಿತು, ಎಷ್ಟು ಮಂದಿ ಹತ್ತನೇ ತರಗತಿ ಕಾಣುವ ಮೊದಲೇ ಶಾಲೆ ಬಿಟ್ಟರು ಎಂದು ಆ ದಿನ ಯಾರೂ ವಿಚಾರಿಸುವುದಿಲ್ಲ. ವಿಚಾರಿಸದಿರುವುದು ರೂಢಿಯೇ ಆಗಿಬಿಟ್ಟಿದೆ. ನಮ್ಮ ಸಾರ್ವಜನಿಕ ಶಿಕ್ಷಣ ಎಷ್ಟು ಕೆಳಗಿಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅನ್ಯಾಯ ಪರೀಕ್ಷಾ ಕೇಂದ್ರದಲ್ಲಿ ಹುಟ್ಟುವುದಲ್ಲ. ಎರಡನೇ, ಮೂರನೇ ತರಗತಿಯ ಉಕ್ತಲೇಖನದಲ್ಲೇ ಅದರ ಬೇರಿದೆ. ಗುರುಗಳು ‘ಬಳೆ’ ಎನ್ನುತ್ತಾರೆ; ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಹುಡುಗಿ ‘ಮಳೆ’ ಎಂದು ಬರೆಯುತ್ತಾಳೆ. ಪ, ಬ, ಮ ಮೂರಕ್ಕೂ ತುಟಿ ಕೂಡಿ ಬಿಡುವ ರೀತಿ ಒಂದೇ, ಕಣ್ಣಿಗೆ ವ್ಯತ್ಯಾಸ ಕಾಣದು. ಅವಳಿಗೆ ಬಳೆಯೂ ಗೊತ್ತು, ಮಳೆಯೂ ಗೊತ್ತು, ಎರಡನ್ನೂ ತಪ್ಪಿಲ್ಲದೆ ಬರೆಯಲು ಬರುತ್ತದೆ. ಆದರೂ ಕೆಂಪು ಶಾಯಿ ಅವಳಿಗೆ ಅಕ್ಷರ ಬಾರದು ಎಂದು ತೀರ್ಪು ಕೊಡುತ್ತದೆ. ಬಾಯಿಲೆಕ್ಕ, ಪದ್ಯದ ಕಂಠಪಾಠ, ಗಟ್ಟಿ ಓದು, ಆಲಿಸಿ ಉತ್ತರಿಸುವುದು, ಭಾಷಣ: ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಹೆಚ್ಚಿನವು ಕಿವಿ ಮತ್ತು ಬಾಯಿಯ ಮೇಲೆಯೇ ನಿಂತಿವೆ. ಹತ್ತನೇ ತರಗತಿಯಲ್ಲೂ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಈಗ ಫೋನ್ ಕರೆ ಮಾಡಿ ಲೆಕ್ಕ ಕಲಿಸುವ ‘ಗಣಿತ ಗಣಕ’ವೂ ಬಂದಿದೆ. ಒಳ್ಳೆಯ ಕಾರ್ಯಕ್ರಮವೇ. ಆದರೆ ಕಿವಿ ಕೇಳದ ಮಗುವಿಗೆ ಆ ಕರೆಯಿಂದ ಏನು ಸಿಕ್ಕೀತು?

ಇನ್ನೊಂದು ಪೆಟ್ಟು ಬರವಣಿಗೆಯಲ್ಲಿ ಬೀಳುತ್ತದೆ. ಕನ್ನಡದಲ್ಲಿ ಯಾರು, ಯಾರಿಗೆ, ಎಲ್ಲಿಂದ, ಎಲ್ಲಿ ಎಂಬುದೆಲ್ಲ ಪದದ ತುದಿಯಲ್ಲಿದೆ. ಆಡುವಾಗ ನಾವು ತುದಿಯನ್ನೇ ನುಂಗುತ್ತೇವೆ, ನಮ್ಮ ಗಡಿ ಭಾಗದ ಮಾತಿನಲ್ಲಂತೂ ಇನ್ನೂ ಹೆಚ್ಚು. ಅರೆಬರೆ ಕೇಳುವ ಮಗುವಿಗೆ ಪದದ ಮೈ ಸಿಗುತ್ತದೆ, ವಿಭಕ್ತಿ ಸಿಗುವುದಿಲ್ಲ. ಆ ಮಗು ‘ಕೃಷ್ಣಾ ನದಿ ಮಹಾಬಳೇಶ್ವರ ಹುಟ್ಟು ಬಂಗಾಳಕೊಲ್ಲಿ ಸೇರು’ ಎಂದು ಬರೆದರೆ ಭೂಗೋಳದಲ್ಲಿ ತಪ್ಪೇನಿದೆ? ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮೇಲೆ ಇಂಗ್ಲಿಷು, ಹಿಂದಿ ಇರುವ ಕಾಗವಾಡ, ನಿಪ್ಪಾಣಿಯ ಮಗುವಿಗೆ ಈ ಭಾರ ಎರಡು ಪಟ್ಟು.

ಇದಕ್ಕೆ ಶಾಲೆಗಳು ಕಂಡುಕೊಂಡಿರುವ ಸುಲಭದ ದಾರಿ ಅನುಕಂಪದ ಅಂಕ. ‘ಪಾಪ, ಕೆಪ್ಪ ಹುಡುಗ, ಪಾಸ್ ಮಾಡ್ರಿ’ ಎಂದು ಒಂಬತ್ತನೇ ತರಗತಿಯವರೆಗೆ ದೂಡುತ್ತಾರೆ. ಕರುಣೆಯಂತೆ ಕಾಣುವ ಈ ನಡೆ ದೊಡ್ಡ ಮೋಸ. ಅಷ್ಟೂ ವರ್ಷ ಆ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಯಾರೂ ಪರೀಕ್ಷಿಸಿಲ್ಲ. ಹಾಗಾಗಿ ಯಾರೂ ಕಲಿಸಿಯೂ ಇಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ಎದುರಿಗೆ ಬಂದಾಗ ಅವನು ಒಬ್ಬನೇ ಉಳಿಯುತ್ತಾನೆ. ಆಮೇಲೆ ಕಬ್ಬಿನ ಗದ್ದೆ ಇದ್ದೇ ಇದೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು, ಕಿವುಡ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆ ಮತ್ತು ವಿಧಾನದಲ್ಲೇ ಶಿಕ್ಷಣ ಸಿಗಬೇಕು ಎನ್ನುತ್ತದೆ. 17ನೇ ಕಲಮು ಪರೀಕ್ಷಾ ಪದ್ಧತಿಯನ್ನೇ ಮಾರ್ಪಡಿಸಲು ಹೇಳುತ್ತದೆ: ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ನಿಗದಿಪಡಿಸಿತು. (ವಿನಾಯಿತಿ ಮಗುವಿನ ಹಕ್ಕು, ಶಾಲೆಯ ಅನುಕೂಲವಲ್ಲ. ಇಂಗ್ಲಿಷ್ ಕಲಿಯಬೇಕೆನ್ನುವ ಕಿವುಡ ಹುಡುಗಿಗೆ ‘ನಿನಗೆ ಬೇಡ’ ಎನ್ನುವ ಅಧಿಕಾರ ಯಾರಿಗೂ ಇಲ್ಲ.)

ತೊಡಕು ಇರುವುದು ವಿಕಲಚೇತನ ಪ್ರಮಾಣಪತ್ರದ ಶೇಕಡಾ 40ರ ಗೆರೆಯಲ್ಲಿ. ಚೆನ್ನಾಗಿ ಕೇಳುವ ಕಿವಿಯ ಶ್ರವಣದೋಷದ ಪ್ರಮಾಣವನ್ನು ಐದರಿಂದ ಗುಣಿಸಿ, ಕೇಳದ ಕಿವಿಯದನ್ನು ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ಪೂರ್ತಿ ಹೋದ ಮಗುವಿಗೆ ಈ ಲೆಕ್ಕದಲ್ಲಿ ಸಿಗುವುದು ಸುಮಾರು ಶೇಕಡಾ 17. ಗದ್ದಲದ ತರಗತಿಯಲ್ಲಿ ಪಾಠದ ಎಷ್ಟೋ ಭಾಗ ತಪ್ಪಿಸಿಕೊಳ್ಳುವ ಆ ಮಗು ಕಾಗದದಲ್ಲಿ ಇಲ್ಲವೇ ಇಲ್ಲ. ಆದರೆ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪರೀಕ್ಷೆಯಲ್ಲಿ ಸೂಕ್ತ ಅನುಕೂಲ ಪಡೆಯುವ ಹಕ್ಕನ್ನು ಶೇಕಡಾ 40ರ ಗೆರೆಯೊಳಗೆ ಕಟ್ಟಿಹಾಕಲಾಗದು. ಈ ತೀರ್ಪು ನಮ್ಮ ಶಾಲೆಗಳ ಕಚೇರಿ ಕೋಣೆಯವರೆಗೆ ಬರಬೇಕು.

ಇಷ್ಟಕ್ಕೂ ಕಿವುಡುತನವನ್ನು ಗುರುತಿಸುವುದೇ ತಡವಾಗುತ್ತಿದೆ. ಹಳ್ಳಿಯಲ್ಲಿ ಕಿವಿ ಸೋರುವುದನ್ನು ರೋಗವೆಂದೇ ಎಣಿಸುವುದಿಲ್ಲ. ಎಣ್ಣೆ ಬಿಟ್ಟು ಅರಳೆ ತುರುಕುತ್ತಾರೆ. ಕೇಳಿಸದ ಮಗುವಿಗೆ ‘ಲಕ್ಷ್ಯ ಇಲ್ಲ’ ಎಂದು ಬೈಗುಳ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲಾ ತಪಾಸಣೆ ಆಗುತ್ತದೆ. ಆದರೆ ಕಬ್ಬು ಕಟಾವಿನ ಗ್ಯಾಂಗಿನ ಜೊತೆ ಬಂದು ಹೋಗುವ ಮಕ್ಕಳು ಆ ದಿನ ಯಾವ ಹಾಜರಿ ಪುಸ್ತಕದಲ್ಲಿರುತ್ತಾರೆ? ಕಿವಿಯ ವೈದ್ಯರಿಗಾಗಿ ಉಗಾರದವರು ರೈಲು ಹತ್ತಿ ಮಿರಜಿಗೆ ಹೋಗುತ್ತಾರೆ; ಜಿಲ್ಲಾಸ್ಪತ್ರೆ ಇರುವ ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ಕೂಲಿ ಬಿಟ್ಟು ಅಷ್ಟು ದೂರ ಓಡಾಡಲಾಗದ ತಂದೆ ತಾಯಿಯ ಮೇಲೆ ತಪ್ಪು ಹೊರಿಸುವುದು ಸಲ್ಲದು. ಶ್ರವಣ ತಪಾಸಣೆಯ ಯಂತ್ರ ಮತ್ತು ತಜ್ಞರು ಅಥಣಿ, ಚಿಕ್ಕೋಡಿಗೆ ನಿಗದಿತ ದಿನ ಬರಬೇಕು.

ಪರೀಕ್ಷಾ ಅಕ್ರಮ ತಡೆಯಲು ಎಸ್ಸೆಸ್ಸೆಲ್ಸಿ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುವ ಶಕ್ತಿ ಇಲಾಖೆಗಿದೆ. ಹಾಗಿದ್ದ ಮೇಲೆ ಬಾಯಲ್ಲಿ ಹೇಳುವ ಸೂಚನೆಯನ್ನೆಲ್ಲ ಹಲಗೆಯ ಮೇಲೆ ಬರೆಯಿಸುವುದು, ಕಿವಿ ಕೇಳದ ಮಗುವನ್ನು ಮೊದಲ ಬೆಂಚಿನಲ್ಲಿ ಕೂರಿಸುವುದು, ಸನ್ನೆ ಭಾಷೆ ಬಲ್ಲವರನ್ನು ಕೇಂದ್ರಕ್ಕೊಬ್ಬರಂತೆ ಕಳಿಸುವುದು ಕಷ್ಟವೇನಲ್ಲ. ಉಕ್ತಲೇಖನದ ಬದಲು ಚಿತ್ರ ನೋಡಿ ಬರೆಯಲು ಕೊಡಬಹುದು. ಕಂಠಪಾಠವನ್ನು ಬರೆದೋ ಸನ್ನೆಯಲ್ಲೋ ಒಪ್ಪಿಸಲು ಬಿಡಬಹುದು. ವಿಜ್ಞಾನ, ಸಮಾಜದ ಉತ್ತರಪತ್ರಿಕೆಯಲ್ಲಿ ವಿಭಕ್ತಿ ತಪ್ಪಿಗೆ ಅಂಕ ಕಡಿಯಬಾರದೆಂದು ಮೌಲ್ಯಮಾಪಕರಿಗೆ ಪರೀಕ್ಷಾ ಮಂಡಳಿ ಲಿಖಿತ ಸೂಚನೆ ಕೊಡಬೇಕು.

ಉಗಾರದ, ಸುತ್ತಲ ತಾಲೂಕುಗಳ ತಂದೆ ತಾಯಿಗಳೇ, ಶಾಲಾ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ: ಈ ವರ್ಷದ ಎಸ್ಸೆಸ್ಸೆಲ್ಸಿ ನೋಂದಣಿ ಮುಗಿಯುವ ಮೊದಲು ಮುಖ್ಯಾಧ್ಯಾಪಕರ ಬಳಿ ಹೋಗಿ. ನಿಮ್ಮ ಶಾಲೆಯ ಕಿವಿ ಕೇಳದ ಮಕ್ಕಳ ಹೆಸರು ಹೆಚ್ಚುವರಿ ಸಮಯದ ಪಟ್ಟಿಗೆ ಹೋಗಿದೆಯೇ ಎಂದು ಕೇಳಿ. ಹೋಗದಿದ್ದರೆ ಅರ್ಜಿಯನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿಗೆ ಸಹಿ ಪಡೆದೇ ಬನ್ನಿ.