ಸತ್ತ ಜೀವಾಣುವಿಗೆ ಜೀವಂತ ಬೆಲೆ

ಗಿರಣಿಯ ಕೂಲಿಗೂ ಅಂಗಡಿಯ ಗಲ್ಲೆಗೂ ಜೀವಾಣು ಗೊಬ್ಬರಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧ ಊಟದ ತಟ್ಟೆಯಲ್ಲಿದೆ ಎನ್ನುತ್ತೇವೆ ನಾವು. ಬೇಳೆ ತುಟ್ಟಿಯಾದರೆ ಮೊದಲು ನೀರಾಗುವುದು ಕೂಲಿಯವನ ಸಾರು.

ತೊಗರಿ, ಕಡಲೆ, ಶೇಂಗಾದ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಜೀವಾಣು ನೆಲೆಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನು ಬೇರ್ಪಡಿಸಿ ಬೆಳೆಸಿದ. 1896ರಲ್ಲಿ ಜರ್ಮನಿಯ ನೊಬ್ಬೆ, ಹಿಲ್ಟ್ನರ್ ಅದರ ಕೃಷಿಬಳಕೆಗೆ ಪೇಟೆಂಟು ಪಡೆದರು. ಮಣ್ಣು ಪುಕ್ಕಟೆ ಕೊಟ್ಟದ್ದು 8 ವರ್ಷದಲ್ಲಿ ಸರಕಾಯಿತು!

ಸರಕಾಗಲಿ, ಆದರೆ ಇದು ಜೀವವಿರುವ ಸರಕು. ಬಿಸಿಲು ತಾಗಿದರೆ, ಅವಧಿ ಮೀರಿದರೆ ಸಾಯುತ್ತದೆ. ಸತ್ತದ್ದೂ ಬದುಕಿದ್ದೂ ಕಣ್ಣಿಗೆ ಒಂದೇ ಕರಿಪುಡಿ. ರೈತ ಅದನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸುತ್ತಾನೆ. ಮೋಸ ಬಯಲಾಗುವುದು ಬೇರು ಕಿತ್ತು ಗಂಟು ಸೀಳಿದಾಗ ಒಳಗೆ ಕೆಂಪು ಕಾಣದಿದ್ದರೆ. ಅಷ್ಟರಲ್ಲಿ ಬಿತ್ತನೆಯ ಹದ ಮುಗಿದಿರುತ್ತದೆ.

ಒಂದು ಗ್ರಾಂ ಪುಡಿಯಲ್ಲಿ 5 ಕೋಟಿ ಜೀವಕೋಶಗಳಿರಬೇಕೆಂದು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಸೇರಿಸಲಾಯಿತು. ಕಾಗದ ಸರಿಯಾಗಿದೆ, ಎಣಿಸುವವರು ಯಾರು, ಸ್ವಾಮಿ? ರೈತನ ಹಿತ್ತಲಲ್ಲಿ ಪ್ರಯೋಗಶಾಲೆ ಇದೆಯೆ? ಸುಡುವ ಲಾರಿಯಲ್ಲಿ ಬಂದ ಪೊಟ್ಟಣಕ್ಕಾಗಿ ಬೈಗುಳ ತಿನ್ನುವವನು ಚಿಲ್ಲರೆ ವ್ಯಾಪಾರಿ. ಲಾಭ ಎಣಿಸುವವನು ಮಾಲು ಕಳಿಸಿದ ಧಣಿ.

ವಿಜ್ಞಾನ ನಮಗೆ ಬೇಕು. ಅದಕ್ಕೆಂದೇ ಕೇಳುತ್ತೇವೆ: ಜಿಲ್ಲೆಗೊಂದು ಸಾರ್ವಜನಿಕ ಪರೀಕ್ಷಾಲಯ, ಸಹಕಾರ ಸಂಘಗಳಲ್ಲಿ ತಂಪು ಉಗ್ರಾಣ, ಬಿತ್ತನೆಗೆ ಮುಂಚೆ ಪಂಚಾಯಿತಿ ಗೋಡೆಯ ಮೇಲೆ ಪರೀಕ್ಷೆಯ ಫಲಿತಾಂಶ, ಸತ್ತ ಮಾಲಿಗೆ ತಯಾರಕನಿಂದಲೇ ಪರಿಹಾರ. ರೈತ, ಕೂಲಿಕಾರ, ಅಂಗಡಿಕಾರ ಒಟ್ಟಾಗಿ ಕೇಳಿದರೆ ಕೊಡದಿರಲು ಯಾವ ಸರ್ಕಾರಕ್ಕೆ ಎದೆಗಾರಿಕೆ ಇದೆ?